ಗೀತಾಂಜಲಿ ಬಿಟ್ಟುಹೋದ ಪಾಳಿ

ಚಟ್ಟ ಕಟ್ಟುತ್ತಿದ್ದವರಿಗೆ ಬೆನ್ನು ಮಾಡಿ ನಿಂತು ಸುಲಭಾ ಫೋನಿನಲ್ಲಿ ಮಧ್ಯಾಹ್ನದ ಪಾಳಿಗೆ ಒಬ್ಬ ನರ್ಸನ್ನು ಹುಡುಕುತ್ತಿದ್ದರು. ಎರಡು ಗಂಟೆಯ ಆ ಪಾಳಿ ಗೀತಾಂಜಲಿಯದು. ಗೀತಾಂಜಲಿ ಒಳಗೆ ಪಡಸಾಲೆಯಲ್ಲಿ ಹೆಣವಾಗಿ ಮಲಗಿದ್ದಳು.

ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಸುಲಭಾ ವಾರ್ಡಿನ ಇನ್‌ಚಾರ್ಜ್. ಯಾರು ಯಾವಾಗ ಬರಬೇಕೆಂಬ ಪಟ್ಟಿ ಬರೆಯುವವರು ಅವರೇ. ಫೋನು ಎತ್ತಿದ ಮೂವರೂ ಒಂದೊಂದು ನೆಪ ಹೇಳಿದರು. ಕೊನೆಗೆ, ಜೊತೆಯಲ್ಲೇ ಗೀತಾಂಜಲಿಯ ಊರಾದ ಸುಳ್ಳಕ್ಕೆ ಬಂದಿದ್ದ ನರ್ಸು ಐಶ್ವರ್ಯಾ ತಾನು ಮಾಡುವುದಾಗಿ ಹೇಳಿದಳು. ಅವಳು ಬೆಳಿಗ್ಗೆಯಷ್ಟೇ ರಾತ್ರಿಪಾಳಿ ಮುಗಿಸಿದವಳು. ಅಪ್ಪನ ಔಷಧಕ್ಕೆ ದುಡ್ಡು ಬೇಕಿತ್ತು. ಹೆಚ್ಚಿನ ಪಾಳಿಗೆ ಹೆಚ್ಚಿನ ಪಗಾರ. ಸುಲಭಾ ಬೇಡವೆನ್ನಲಿಲ್ಲ. ಬೇಡವೆನ್ನುವಷ್ಟು ಜನ ಆಸ್ಪತ್ರೆಯಲ್ಲಿದ್ದರೆ ತಾನೆ.

ಅಂಗಳದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಒಮ್ಮಿಂದೊಮ್ಮೆಲೇ ಆಯಿತೆಂದು. ನಿನ್ನೆ ಡಬಲ್ ಡ್ಯೂಟಿ ಮುಗಿಸಿ ಬಂದು ಮಲಗಿದವಳು ಚಹಾಕ್ಕೆ ಎಬ್ಬಿಸಿದರೆ ಏಳಲಿಲ್ಲ. ನಲವತ್ತೂ ಆಗಿರಲಿಲ್ಲ. ಹೃದಯದ ಸಂಗತಿ, ಯಾರಿಗೆ ತಾನೇ ಮೊದಲೇ ಗೊತ್ತಾಗುತ್ತದೆ ಎಂದು ಯಾರೋ ಹೇಳಿದಾಗ ಸುಲಭಾ ಲಗುಬಗೆಯಿಂದ ತಲೆಯಾಡಿಸಿದರು. ಆ ಮಾತು ಅವರಿಗೆ ಬೇಕಾಗಿತ್ತು. ಬಂದವರಿಗೆಲ್ಲ ತಾವೇ ಮುಂದಾಗಿ ಅದನ್ನೇ ಹೇಳಿದರು. ಹೇಳುತ್ತ ಹೇಳುತ್ತ ಅರ್ಧ ನಂಬಿಯೂ ಬಿಟ್ಟಿದ್ದರು.

*

ಹದಿನೈದು ದಿನದ ಹಿಂದೆ ಗೀತಾಂಜಲಿ ಸುಲಭಾರ ಮೇಜಿನ ಮುಂದೆ ಬಂದವಳು ಕೇಳದೆಯೇ ಸ್ಟೂಲೆಳೆದು ಕೂತಿದ್ದಳು. ಹನ್ನೆರಡು ವರ್ಷದಲ್ಲಿ ಅವಳು ಹಾಗೆ ಕೂತದ್ದು ಅದೇ ಮೊದಲು.

"ಈ ವಾರ ಡಬಲ್ ಡ್ಯೂಟಿ ಬ್ಯಾಡ್ರಿ ಮೇಡಂ. ಮೈ ಭಾಳ ಭಾರ ಆಗೇತಿ."

ಆ ತಿಂಗಳು ಇಬ್ಬರು ನರ್ಸುಗಳು ಕೆಲಸ ಬಿಟ್ಟಿದ್ದರು. ಸುಲಭಾ ಪಟ್ಟಿಯಿಂದ ತಲೆ ಎತ್ತಲಿಲ್ಲ.

"ಇದೊಂದ ವಾರ ಸಂಭಾಳಿಸವಾ. ಮುಂದಿನ ವಾರ ನೋಡೋಣಂತ."

ಮರುದಿನ ಗೀತಾಂಜಲಿಯೇ ಬಂದು, ಮುಂದಿನ ವಾರವೂ ಹಾಕಿಬಿಡಿ ಎಂದಳು. ಗಂಡ ಮಾಲತೇಶನ ಬಾಡಿಗೆಯ ಟಂಟಂ ಗಾಡಿ ಕೆಟ್ಟು ನಿಂತಿತ್ತು, ಮಗಳು ಸಾನ್ವಿಯ ಕಾಲೇಜು ಶುರುವಾಗಿತ್ತು, ಬರೀ ಪಗಾರದಲ್ಲಿ ಮನೆ ನಡೆಯುತ್ತಿರಲಿಲ್ಲ. ಸುಲಭಾರಿಗೆ ಹಾಯೆನಿಸಿತು. ಅವಳೇ ಕೇಳಿದ ಮೇಲೆ ತನ್ನದೇನು ತಪ್ಪು ಎಂದುಕೊಂಡು ಬರೆದರು.

*

ಕಡೆಯ ಸ್ನಾನಕ್ಕೆ ಹಿತ್ತಲಲ್ಲಿ ಹಲಗೆ ಹಾಕಿ ಸುತ್ತ ಸೀರೆ ಕಟ್ಟಿದರು. ಗೀತಾಂಜಲಿಯ ಅತ್ತೆ ಹನುಮವ್ವ ಅರಿಷಿಣದ ಬಟ್ಟಲನ್ನು ಸುಲಭಾರ ಕೈಗಿಟ್ಟಳು.

"ನಮ್ಮ ಜೋಡಿ ಇದ್ದದ್ದಕ್ಕಿಂತ ನಿಮ್ಮ ಜೋಡಿನ ಹೆಚ್ಚಿಗಿ ಇದ್ಲರಿ ಬಾಯಾರ. ನೀವ ಹಚ್ರಿ."

ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು.

ಐಶ್ವರ್ಯಾ ಕುಕ್ಕರುಗಾಲಲ್ಲಿ ಕೂತು ಚರಿಗೆಯಿಂದ ನೀರು ಹೊಯ್ದಳು. ಸುಲಭಾ ಮುಖಕ್ಕೆ, ಕೈಗೆ ಅರಿಷಿಣ ಹಚ್ಚಿ ಕಾಲಿಗೆ ಬಂದರು. ದಿನಾ ಬೆಳಿಗ್ಗೆ ಪೇಷಂಟುಗಳ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು ಅವರ ಮೂವತ್ತು ವರ್ಷದ ರೂಢಿ. ಒತ್ತಿದಲ್ಲಿ ಗುಳಿ ಬಿದ್ದು ಹಾಗೇ ಉಳಿದರೆ ಅದು ಬಾವು. ಹೃದಯ ಸೋಲುತ್ತಿರಬಹುದು, ಡಾಕ್ಟರನ್ನು ಕರೆಯಬೇಕು. ಈಗಲೂ ಅವರ ಹೆಬ್ಬೆರಳು ತಾನಾಗಿಯೇ ಒತ್ತಿತು.

ಗುಳಿ ಬಿತ್ತು. ಬೆರಳು ತೆಗೆದರೂ ಹಾಗೇ ಉಳಿಯಿತು. ಇಷ್ಟು ಬಾವು ಒಂದು ದಿನದಲ್ಲಿ ಬರುವಂಥದ್ದಲ್ಲ. ವಾರಗಟ್ಟಲೆ ಈ ಕಾಲುಗಳು ಅವರ ಕಣ್ಣೆದುರೇ ವಾರ್ಡಿನ ತುಂಬ ಓಡಾಡಿದ್ದವು. ಗೀತಾಂಜಲಿಯೂ ನರ್ಸು, ಅವಳಿಗೂ ತಿಳಿದಿರಲೇಬೇಕು.

"ಕಾಲು ಬಾತಾವು ಅಂತಿದ್ಲರಿ," ಎಂದಳು ಹನುಮವ್ವ. "ನಿಂತು ನಿಂತು ಹಂಗ ಆಕ್ಕೈತಿ, ರಜಾ ಸಿಕ್ರ ಇಳೀತಾವು ಅಂದ್ಲು. ಅದೇನೂ ಅಲ್ಲ ಹೌದಿಲ್ರಿ?"

"ಏನೂ ಅಲ್ರಿ," ಎಂದರು ಸುಲಭಾ.

ತಲೆ ಎತ್ತಿದರೆ ಐಶ್ವರ್ಯಾ ಆ ಗುಳಿಯನ್ನೇ ನೋಡುತ್ತಿದ್ದಳು. ಸುಲಭಾರ ಕಣ್ಣು ತನ್ನ ಕಡೆ ಹೊರಳಿದ್ದೇ ತಡ, ಅವಳು ಚರಿಗೆ ಕೆಳಗಿಟ್ಟು, ಚೂಡಿದಾರದ ಅಂಚು ಜಗ್ಗಿ ತನ್ನ ಎರಡೂ ಕಣಕಾಲು ಮುಚ್ಚಿಕೊಂಡಳು.