ಚನಿಯಪ್ಪನ ಕರಿ ಆಯಿಲ್

ಮಾವಿನ ಮರದ ಬುಡಕ್ಕೆ ಅರ್ಧ ಇಳಿದಿದ್ದ ಮರ ಕೊಯ್ಯುವ ಮೆಷಿನ್ನನ್ನು ಮಾಯಿಲಪ್ಪ ಹಿಂದಕ್ಕೆ ಎಳೆದ. ಚೈನಿನಿಂದ ಹೊಗೆ ಬರುತ್ತಿತ್ತು.

“ಪೆಟ್ರೋಲ್ ಉಂಟು, ಚೈನಿಗೆ ಬಿಡುವ ಆಯಿಲ್ ಮುಗಿಯಿತು. ಪುಂಜಾಲಕಟ್ಟೆಯ ಅಂಗಡಿಗೆ ಡಬ್ಬಿ ಬಾರದೆ ಮೂರು ವಾರ ಆಯ್ತು. ಎಣ್ಣೆಯ ಹಡಗೇ ಬರುವುದಿಲ್ಲವಂತೆ,” ಎಂದ.

ಚಾವಡಿಯಲ್ಲಿ ತೀರಿಕೊಂಡ ಚನಿಯಪ್ಪನನ್ನು ಬಾಳೆಲೆಯ ಮೇಲೆ ಮಲಗಿಸಿದ್ದರು. ತಲೆಯ ಬಳಿ ತೆಂಗಿನಕಾಯಿಯ ಕಡಿಯಲ್ಲಿ ದೀಪ ಉರಿಯುತ್ತಿತ್ತು. ಅಂಗಳದಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಕೊಡಲಿಯಲ್ಲಿ ಕಡಿಯಲು ಹೊರಟರೆ ಚಿತೆಯ ಕಾಷ್ಠ ಏರುವಾಗ ಸಂಜೆಯಾದೀತು.

“ಕೊಟ್ಟಿಗೆಯಲ್ಲಿ ಅವರದ್ದೇ ಉಂಟಲ್ಲ,” ಎಂದಳು ಚನಿಯಪ್ಪನ ಹೆಂಡತಿ ಪೂವಮ್ಮ, ಬಾಗಿಲಲ್ಲಿ ನಿಂತು. “ವಸಂತ, ತಂದುಕೊಡು. ಮೂಲೆಯ ಕ್ಯಾನಿನದ್ದು ತಿಳಿಯಾದದ್ದು.”

ಗ್ಯಾರೇಜಿನ ವಸಂತ ಎದ್ದ. ಅವನ ಗ್ಯಾರೇಜಿನಿಂದಲೇ ಇಪ್ಪತ್ತು ವರ್ಷ ಚನಿಯಪ್ಪ ಗಾಡಿಗಳಿಂದ ಇಳಿಸಿದ ಕರಿ ಆಯಿಲ್ ಒಯ್ಯುತ್ತಿದ್ದ. ಮಾಣಿ, ಮೆಲ್ಕಾರ್ ಎಂದು ಗಾಡಿ ರಿಪೇರಿಯ ಶೆಡ್ಡುಗಳನ್ನೆಲ್ಲ ಸುತ್ತಿ, ಹಳೇ ಮೊಪೆಡ್ಡಿನ ಎರಡೂ ಕಡೆ ಕ್ಯಾನು ಕಟ್ಟಿಕೊಂಡು ಬರುವವನು. ತಿಂಗಳುಗಟ್ಟಲೆ ಡ್ರಮ್ಮಿನಲ್ಲಿ ಅಲುಗಾಡಿಸದೆ ಇಟ್ಟು, ಕಾಯಿಸಿ ನೀರು ತೆಗೆದು, ದಪ್ಪ ಬಟ್ಟೆಯಲ್ಲಿ ಸೋಸುವನು.

ವಸಂತ ಕ್ಯಾನು ತಂದಿಟ್ಟ. ಮಾಯಿಲಪ್ಪ ಮುಚ್ಚಳ ತೆಗೆದವನು ಕೈ ತಡೆದ.

“ಪೂವಕ್ಕ, ಬೇಜಾರು ಮಾಡ್ಬೇಡಿ. ಇದೇ ಆಯಿಲ್ ಅಲ್ವಾ ಖಲೀಲ್ ಕಾಕನ ಜೀಪನ್ನು ಮಡಂತ್ಯಾರಿನ ಏರಿನಲ್ಲಿ ಮಲಗಿಸಿದ್ದು? ನನ್ನ ಹೊಟ್ಟೆಪಾಡು ಈ ಮೆಷಿನ್.”

ಜಗಲಿಯ ತುದಿಯಲ್ಲಿ ಊರುಗೋಲು ಹಿಡಿದು ಕೂತಿದ್ದ ಇಬ್ರಾಹಿಂ ಖಲೀಲ್ ನೆಲ ನೋಡಿದರು.

*

ಹದಿನಾಲ್ಕು ವರ್ಷದ ಹಿಂದೆ ಖಲೀಲರು ಬಾಡಿಗೆಗೆ ಜನ ಸಾಗಿಸುತ್ತಿದ್ದ ಸರ್ವಿಸ್ ಜೀಪಿಗೆ ಚನಿಯಪ್ಪನ ಆಯಿಲ್ ಹಾಕಿದ್ದು ವಸಂತನೇ. ಹಾಕುವ ಮೊದಲು ಚನಿಯಪ್ಪ ಎರಡು ಬೆರಳು ಅದ್ದಿ, ಕಿವಿಯ ಹತ್ತಿರ ಹಿಡಿದು ಉಜ್ಜಿದ್ದ.

“ಏನು ಹೇಳ್ತದೆ ಚನಿಯಪ್ಪಣ್ಣ? ಮನೆಯವಳು ಬೈತಾಳಂತೆಯಾ?” ಎಂದು ವಸಂತ ತಮಾಷೆ ಮಾಡಿದ್ದ.

“ಒಳಗೆ ಮಣ್ಣಿದ್ದರೆ ಕರಕರ ಅಂತದೆ. ಇದು ಸುಮ್ಮನಿದೆ. ನೋಡು ಮಾರಾಯ, ಹೊಸ ಬಂಡಿಗೆ ಹಾಕು ಅಂತ ನಾನು ಹೇಳುವುದಿಲ್ಲ. ಇಂಥ ಹಳೇ ಎಂಜಿನ್ನಿಗೆ ಸಾಕು. ಭೂಮಿಯ ಒಳಗಿನದ್ದು ಒಂದು ದಿನ ಮುಗಿಯುವಂಥದ್ದೇ. ಎಣ್ಣೆ ಸಾಯುವುದಿಲ್ಲ, ಕೊಳೆಯಾಗ್ತದೆ ಅಷ್ಟೆ.”

ಅಷ್ಟರಲ್ಲಿ ಯಾರೋ ಚಹಾಕ್ಕೆ ಕರೆದಿದ್ದರು. ಎಂಜಿನ್ನಿನಡಿ ಆಯಿಲ್ ಇಳಿಸುವ ಬೋಲ್ಟನ್ನು ಕೈಯಲ್ಲಿ ತಿರುಗಿಸಿಟ್ಟಿದ್ದ ವಸಂತ, ಬಂದು ಆಯಿಲ್ ಸುರಿದ. ಸ್ಪ್ಯಾನರ್ ಹಾಕಿ ಬಿಗಿಯಲು ಮರೆತ. ಜೀಪು ಏರಿನಲ್ಲಿ ಎಂಜಿನ್ ಜಾಮ್ ಆಗಿ ನಿಂತಿತು. ಎಳೆದು ತಂದ ಜೀಪಿನಡಿ ನುಗ್ಗಿ ನೋಡಿದರೆ ಬೋಲ್ಟೇ ಇಲ್ಲ. ಯಾರೂ ಕಾಣದಂತೆ ಬೇರೆ ಬೋಲ್ಟ್ ಹಾಕಿ, ಹೊರಗೆ ಬಂದು, “ಆಯಿಲಿನದ್ದೇ ದೋಷ ಇರಬೇಕು,” ಎಂದುಬಿಟ್ಟ.

ಎರಡು ದಿನದ ಮೇಲೆ ಚನಿಯಪ್ಪ ಡಾಂಬರಿನ ಮೇಲಿನ ಹನಿಗಳ ಜಾಡು ಹಿಡಿದು ನಡೆದು ಹೋಗಿ, ಹುಲ್ಲಿನಲ್ಲಿ ಬಿದ್ದಿದ್ದ ಬೋಲ್ಟನ್ನು ತಂದು ವಸಂತನ ಮೇಜಿನ ಮೇಲಿಟ್ಟ.

“ಇದು ನಿನ್ನದು ಅಂತ ಕಾಣ್ತದೆ,” ಎಂದ. ಖಾಲಿ ಕ್ಯಾನು ತುಂಬಿಸಿಕೊಂಡು ಹೋದ. ಆಮೇಲೆ ಅವನ ಆಯಿಲನ್ನು ಯಾರೂ ಎಂಜಿನ್ನಿಗೆ ಹಾಕಲಿಲ್ಲ. ಬೇಲಿಯ ಗೂಟಕ್ಕೆ ಗೆದ್ದಲು ಹಿಡಿಯದ ಹಾಗೆ ಬಳಿಯಲು ಒಯ್ಯುತ್ತಿದ್ದರು.

*

“ಮಾಯಿಲಣ್ಣ, ಹಾಕಿ,” ಎಂದ ವಸಂತ. “ಆಯಿಲಿನ ತಪ್ಪಲ್ಲ ಅದು. ಬೋಲ್ಟ್ ಬಿಗಿಯಲಿಕ್ಕೆ ಮರೆತದ್ದು ನಾನು. ದಾರಿಯಲ್ಲೇ ಬಿದ್ದುಹೋಗಿ ಆಯಿಲ್ ಎಲ್ಲ ಸೋರಿತ್ತು.”

ಖಲೀಲ್ ತಲೆ ಎತ್ತಿದರು.

“ನಾನು ಚನಿಯಪ್ಪನನ್ನು ಮೆಲ್ಕಾರಿನಲ್ಲಿ, ಅಷ್ಟು ಜನರ ಎದುರು ನಿಲ್ಲಿಸಿ ಬೈದಿದ್ದೆ. ವಾಪಸ್ ಒಂದು ಮಾತು ಆಡಲಿಲ್ಲ.” ಊರುಗೋಲಿನ ತುದಿಯನ್ನು ವಸಂತನ ಕಡೆ ಎತ್ತಿ ಕೇಳಿದರು, “ಇಷ್ಟು ವರ್ಷ ನೀನು ಏನು ಮಾಡ್ತಾ ಇದ್ದೆ?”

ವಸಂತ ಮೆಲ್ಲನೆ ಪೂವಮ್ಮನ ಕಡೆ ತಿರುಗಿದ.

“ನನಗೆ ಗೊತ್ತುಂಟು,” ಎಂದಳು ಅವಳು. “ಆ ಬೋಲ್ಟನ್ನು ನನಗೆ ತೋರಿಸಿಯೇ ನಿನ್ನಲ್ಲಿಗೆ ತಂದದ್ದು. ನಾನು ಜಗಳಕ್ಕೆ ಹೊರಟಿದ್ದೆ. ‘ಅವನೇ ಹೇಳಲಿ. ಎಣ್ಣೆ ಆದರೂ ತಿಳಿಯಾಗಲಿಕ್ಕೆ ದಿನ ಹಿಡಿಯುವುದಿಲ್ವಾ’ ಅಂದರು.” ಸೆರಗಿನಿಂದ ಮುಖ ಒರೆಸಿಕೊಂಡಳು. “ಹೊತ್ತಾಗ್ತದೆ. ಮರ ಬೀಳಲಿ.”

ಮಾಯಿಲಪ್ಪ ಕ್ಯಾನನ್ನು ಬಗ್ಗಿಸಿದ. ಆಯಿಲ್ ಕಾಕಂಬಿಯ ಬಣ್ಣದಲ್ಲಿ, ಎಳೆ ತುಂಡಾಗದೆ ಇಳಿಯಿತು. ಮೆಷಿನ್ ಎರಡು ಸಲ ಕೆಮ್ಮಿ ಹಿಡಿಯಿತು. ಸ್ವಲ್ಪ ಹೊತ್ತಿನಲ್ಲಿ ಮರ ತೆಂಕು ದಿಕ್ಕಿಗೆ ವಾಲಿ ಬಿತ್ತು. ಚೈನಿನಿಂದ ಹೊಗೆ ಬರಲಿಲ್ಲ. ಮಾಯಿಲಪ್ಪ ನಿಲ್ಲಿಸದೆ ಕೊಂಬೆಗಳನ್ನು ತುಂಡು ಮಾಡತೊಡಗಿದ. ಮೊದಲ ಕೊರಡನ್ನು ಹೊರಲು ವಸಂತ ಬಗ್ಗಿದ.

ಆಗ ಖಲೀಲ್ ಊರುಗೋಲು ಊರಿಕೊಂಡು ಅಂಗಳಕ್ಕೆ ಇಳಿದು ಬಂದರು. ಕೊರಡಿನ ಬಿಳಿಯ ಕಡಿತದ ಮೇಲೆ ಚೈನು ಎರಚಿದ ಆಯಿಲಿನ ಸಣ್ಣ ಗೆರೆಯಿತ್ತು. ಎರಡು ಬೆರಳಿನಲ್ಲಿ ಅದನ್ನು ತೆಗೆದು, ಚನಿಯಪ್ಪನ ಹಾಗೆ ಕಿವಿಯ ಹತ್ತಿರ ಹಿಡಿದು, ಮೆಲ್ಲಗೆ ಉಜ್ಜಿದರು.

ಅದನ್ನು ಕಂಡ ಮಾಯಿಲಪ್ಪ, ಕೇಳಿಸಲೆಂದು, ಮೆಷಿನ್ ಬಂದ್ ಮಾಡಿದ.