ಮೂಳೆಗೆಂದು ಹಾಕಿದ ಪುಡಿ

ಅಕ್ಕ ಕೊಟ್ಟ ಕಿಡ್ನಿ ತಮ್ಮನ ಹೊಟ್ಟೆ ಸೇರಿ ಕೆಲವು ತಿಂಗಳಾಗಿತ್ತು. ಡಯಾಲಿಸಿಸ್ ಕಾಲದಲ್ಲಿ ಹನಿ ಮೂತ್ರಕ್ಕೂ ಬರಗಾಲ. ಈಗ ಅವನು ಚೊಂಬುಗಟ್ಟಲೆ ನೀರು ಕುಡಿದು ಗಳಿಗೆಗೊಮ್ಮೆ ಬಚ್ಚಲಿಗೆ ಓಡುತ್ತಿದ್ದ. ಹೊಲಿಗೆ ಮೆಷಿನ್ನಿನ ಮುಂದೆ ಕೂತ ಅಕ್ಕನಿಗೆ ಅದನ್ನು ಕಂಡರೆ ಹಿಗ್ಗೋ ಹಿಗ್ಗು.

"ನನ್ನ ಕಿಡ್ನಿ ಕಣೋ, ನನ್ನ ಹಾಗೇ ಸುಮ್ನೆ ಕೂರಲ್ಲ."

"ನಿನ್ನ ಬಾಯಿ ತಂದು ಅಂಟಿಸಲಿಲ್ವಲ್ಲ, ನನ್ನ ಪುಣ್ಯ," ಎನ್ನುತ್ತಿದ್ದ ತಮ್ಮ.

ಈಚೆಗೆ ಅವನು ಮಾತಿಗೆ ಮಾತು ಕೊಡುವುದನ್ನು ಬಿಟ್ಟಿದ್ದ. ಊಟ ಸೇರದು, ಹಗಲಲ್ಲೂ ಮಂಪರು. ತಪಾಸಣೆಗೆ ಹೋದಾಗ ಕಿಡ್ನಿ ವೈದ್ಯೆ ರಕ್ತದ ವರದಿ ನೋಡಿ ಕನ್ನಡಕ ತೆಗೆದಿಟ್ಟರು.

"ಕ್ರಿಯಾಟಿನಿನ್ ಏರಿದೆ, ಅಂದ್ರೆ ಕಿಡ್ನಿ ಸರಿಯಾಗಿ ಸೋಸ್ತಿಲ್ಲ. ಕ್ಯಾಲ್ಸಿಯಂ ಹನ್ನೆರಡು ದಾಟಿದೆ, ಹತ್ತೂವರೆಯೊಳಗೆ ಇರ್ಬೇಕಿತ್ತು. ನಾನು ಬರೆದುಕೊಟ್ಟಿದ್ದು ಬಿಟ್ಟು ಬೇರೆ ಏನಾದ್ರೂ ತಗೊಳ್ತಿದ್ದೀರಾ?"

ತಮ್ಮ ಇಲ್ಲವೆಂದು ತಲೆಯಾಡಿಸಿದ.

"ಅವನೆಲ್ಲಿ ತಗೊಳ್ತಾನೆ ಡಾಕ್ಟ್ರೇ, ಸೋಮಾರಿ!" ಅಕ್ಕ ನಕ್ಕಳು. "ಡಯಾಲಿಸಿಸ್ ಇದ್ದಾಗ ಊಟದ ಜೊತೆ ಕೊಡ್ತಿದ್ರಲ್ಲ, ಸೀಮೆಸುಣ್ಣದಂಥ ಕ್ಯಾಲ್ಸಿಯಂ ಮಾತ್ರೆ? ಮೂಳೆ ಸವೆದಿದೆ ಪಾಪ ಅಂತ ಈಗ್ಲೂ ನಾನೇ ಪುಡಿ ಮಾಡಿ ಅವನ ಹಾಲಿಗೆ ಹಾಕ್ತೀನಿ. ಒಂದು ಹೊತ್ತೂ ತಪ್ಪಿಸಿಲ್ಲ."

ವೈದ್ಯೆ ನಗಲಿಲ್ಲ. "ಅದು ಮೂಳೆಗಲ್ಲಮ್ಮ, ಆಗ ಕಿಡ್ನಿ ಹೊರಹಾಕಲಾಗದ ಊಟದ ಫಾಸ್ಫೇಟ್ ಹಿಡಿದಿಡೋಕೆ ಕೊಟ್ಟಿದ್ದು. ಆಪರೇಷನ್ ಆದ್ಮೇಲೆ ನಿಲ್ಲಿಸಿದ್ವಿ. ಈ ಬಾಯಾರಿಕೆ, ಪದೇಪದೇ ಮೂತ್ರ, ಮಂಪರು, ಎಲ್ಲ ಕ್ಯಾಲ್ಸಿಯಂ ಹೆಚ್ಚಾದ ಲಕ್ಷಣ."

ಅಕ್ಕನ ನಗು ತುಟಿಯಲ್ಲೇ ಒಣಗಿತು. "ಇವತ್ತೇ ನಿಲ್ಲಿಸ್ತೀನಿ. ಸರಿಹೋಗುತ್ತಲ್ವಾ?"

"ರಕ್ತದಲ್ಲಿ ಇಳಿಯುತ್ತೆ. ಕಿಡ್ನಿ ಮಾತು ಬೇರೆ. ಒಂದೋ ಕ್ಯಾಲ್ಸಿಯಂ ಅದರೊಳಗೇ ಕೂತಿದೆ. ಇಲ್ಲಾಂದ್ರೆ ಮೈಯ ರಕ್ಷಣಾ ಕೋಶಗಳು ಅದರ ಮೇಲೆ ಎದ್ದಿವೆ. ಹೊರಗಿನದನ್ನ ಹೊಡೆಯೋಕೆ ಆ ಕೋಶಗಳಿಗೆ ಸನ್ನೆ ಮಾಡೋದೂ ಕ್ಯಾಲ್ಸಿಯಮ್ಮೇ. ಆ ಸನ್ನೆ ಅಡಗಿಸೋಕೇ ನಾನು ಬರೆದುಕೊಟ್ಟ ದಿನದ ಮಾತ್ರೆ ಇರೋದು. ರಕ್ತದಲ್ಲಿ ಏರಿದ ಕ್ಯಾಲ್ಸಿಯಂ ಆ ಕೋಶಗಳನ್ನ ಕೆಣಕಿತಾ? ಹಾಗಂತ ಖಚಿತವಾಗಿ ಹೇಳೋಕಾಗಲ್ಲ. ಸೂಜಿ ಹಾಕಿ ಕಿಡ್ನಿಯ ಚೂರು ತೆಗೆದು ನೋಡ್ಬೇಕು. ಈಗಲೇ."

ತಮ್ಮನನ್ನು ಗಾಲಿಕುರ್ಚಿಗೆ ಕೂರಿಸಿದರು. ಅರೆಗಣ್ಣಲ್ಲೇ ಅವನು ಅಕ್ಕನ ಕೈ ಹುಡುಕಿದ.

"ಇದು ಹೋದ್ರೆ ಹೋಗ್ಲಿ ಬಿಡೆ. ನಿನ್ನ ಹತ್ರ ಇನ್ನೊಂದಿದೆಯಲ್ಲ."

ಅಕ್ಕ ಬಗ್ಗಿ ಅವನ ಕೈ ಹಿಡಿದುಕೊಂಡಳು. ಅವಳ ಅಂಗೈಯೊಳಗೆ ತಮ್ಮನ ಬೆರಳುಗಳು ಊದಿಕೊಂಡಿದ್ದವು, ಥೇಟ್ ಡಯಾಲಿಸಿಸ್ ದಿನಗಳಲ್ಲಿ ನೀರು ಹೊರಹೋಗದೆ ಊದುತ್ತಿದ್ದ ಹಾಗೆ.