ಚೀಟಿ ಎತ್ತದ ಮದ್ದು

ಜಿಬೆಕ್ ಎರಡು ವರ್ಷ ಬೆವರು ಸುರಿಸಿದ್ದು ಒಂದೇ ಒಂದು ಪ್ರಶ್ನೆಗೆ. ಸಣ್ಣ ತೂತು ಕೊರೆದು ಪಿತ್ತಕೋಶ ತೆಗೆಯುವಾಗ ಅರಿವಳಿಕೆಗೆ ಯಾವುದನ್ನು ಬೆರೆಸಿದರೆ ರೋಗಿ ನೋವು, ವಾಂತಿಯಿಲ್ಲದೆ ಬೇಗ ಎದ್ದು ಕೂರುತ್ತಾನೆ, ಹೊಸ ಮದ್ದೋ, ಹಳೆಯ ಮೆಗ್ನೀಸಿಯಮ್ಮೋ? ಉತ್ತರ ಸಿಕ್ಕರೆ ಅವಳಿಗೆ ಪದವಿ. ಯಾರಿಗೆ ಯಾವುದೆಂದು ಚೀಟಿ ಎತ್ತಿ ತೀರ್ಮಾನ. ಚೀಟಿ ನೋಡಿ ಸಿರಿಂಜು ತುಂಬುವವರು ಬುರುಲ್ ಎಜೆ ಒಬ್ಬರೇ. ಎದ್ದವರ ನೋವು ವಿಚಾರಿಸುವ ಜಿಬೆಕ್‌ಗೂ ಅದು ಗೊತ್ತಾಗುವಂತಿಲ್ಲ. ಬುರುಲ್ ಅವಳಿಗೆ ಕೆಲಸ ಕಲಿಸಿದ ಹಿರಿಯ ವೈದ್ಯೆ. ಎಜೆ, ಅಂದರೆ ಅಕ್ಕ, ಎಂದು ಬರೀ ಬಾಯಿಮಾತಿಗೆ ಕರೆದವಳಲ್ಲ ಜಿಬೆಕ್, ಕಣ್ಣುಮುಚ್ಚಿ ನಂಬಿದ್ದಳು. ನಂಬದೆ ಏನು ಮಾಡುತ್ತಾಳೆ, ಪಾಪ!

ಕೊನೆಯ ವಾರ ಅವಳನ್ನು ಸಾಕಿದ ದೊಡ್ಡಮ್ಮ ಉಮ್ಸುನಾಯ್‌ಳದೇ ಆಪರೇಷನ್. ಚೀಟಿಗೆ ಆಕೆಯೂ ಒಪ್ಪಿದ್ದಳು. ಮಧ್ಯಾಹ್ನಕ್ಕೆಲ್ಲ ಎದ್ದು ಕೂತು ಕುರಿ ಸಾರಿನ ಫ್ಲಾಸ್ಕಿಗೇ ಕೈ ಚಾಚಿದಳು.

"ಈಗ್ಲೇ ಕೊಬ್ಬಿನ ಸಾರು ಬೇಡ, ಸುಮ್ನಿರು ದೊಡ್ಡಮ್ಮ!" ಜಿಬೆಕ್ ನಗುತ್ತ ಗದರಿದಳು.

ಬುರುಲ್ ಎಜೆ ದೊಡ್ಡಮ್ಮನ ಕೆನ್ನೆ ಸವರಿದರು. "ನಮ್ಮೋರನ್ನ ಚೀಟಿಗೆ ಬಿಡೋಕಾಗತ್ತಾ? ಹೊಸದನ್ನೇ ಹಾಕಿದೀನಿ."

ಜಿಬೆಕ್‌ಳ ನಗು ನಿಂತಿತು. "ನಮ್ಮೋರು ಅಂದ್ರೆ... ಇನ್ಯಾರ್ಯಾರು ಎಜೆ?"

"ಮಲಗಿಸೋ ಮುಂಚೆ ಎಲ್ರ ಹತ್ರಾನೂ ಏಳು ತಲೆಮಾರಿನ ಅಪ್ಪಂದಿರ ಹೆಸರು ಕೇಳ್ತಿದ್ನಲ್ಲ? ನೆಂಟರು ಅಂತ ಗೊತ್ತಾದ್ಮೇಲೆ ಹಳೇದು ಹಾಕೋಕೆ ಕೈ ಬರತ್ತೇನೇ? ಅವ್ರಿಗೆಲ್ಲ ಹೊಸದೇ. ಮಿಕ್ಕೋರಿಗೆ ಚೀಟಿ ಪ್ರಕಾರವೇ ಕಣೇ."

ರೋಗಿಗಳ ಭಯ ಓಡಿಸಲು ಕೇಳುತ್ತಾರೆ ಅಂದುಕೊಂಡಿದ್ದಳು ಈ ಪೆದ್ದಿ! ಏಳು ತಲೆಮಾರು ಕೆದಕಿದರೆ ತಮ್ಮೂರು ಓಶ್‌ನಲ್ಲಿ ಯಾರು ತಾನೆ ನೆಂಟರಾಗುವುದಿಲ್ಲ?

"ಎರಡು ವರ್ಷ ಮಣ್ಣುಪಾಲು ಮಾಡಿಬಿಟ್ರಲ್ಲ! ಯಾವುದು ಒಳ್ಳೇದು ಅಂತ ಗೊತ್ತಿಲ್ದೆ ಇರೋದಕ್ಕೇ ಅಲ್ವಾ ಚೀಟಿ ಎತ್ತಿದ್ದು?"

"ನನಗೆ ಗೊತ್ತಿತ್ತಲ್ಲ," ಅಂದರು ಎಜೆ. "ನಿನ್ನ ದೊಡ್ಡಮ್ಮ ಅಂತ ತಾನೆ ಮಾಡಿದ್ದು?"

ಜಗಳಕ್ಕೆ ನಿಂತವರನ್ನು ಬೈಯಬಹುದು. ಮುದ್ದು ಮಾಡುತ್ತಲೇ ಕತ್ತು ಕೊಯ್ದವರನ್ನು ಏನೆಂದು ಬೈಯುವುದು? ಅಳು ತಡೆಯಲಾಗದೆ ಜಿಬೆಕ್ ದೊಡ್ಡಮ್ಮನ ಕೈ ಹಿಡಿಯಹೋದಳು.

ದೊಡ್ಡಮ್ಮ ಕೈ ಎಳೆದುಕೊಂಡಳು. "ಅಂದ್ರೆ ನೀನು ನನ್ನನ್ನೂ ನಿಜವಾಗ್ಲೂ ಚೀಟಿಗೆ ಬಿಟ್ಟಿದ್ಯಾ?"

"ನೀನೇ ಒಪ್ಪಿದ್ಯಲ್ಲ ದೊಡ್ಡಮ್ಮ..."

"ಊರೋರಿಗೆ ಹೇಳೋ ಮಾತು ಅಂದ್ಕೊಂಡಿದ್ದೆ ಕಣೇ. ನನಗೂ ಅದೇ ಅಂತ ಅಂದ್ಕೊಂಡಿರ್ಲಿಲ್ಲ."

ಆಕೆ ಮುಖ ತಿರುಗಿಸಿ ಬುರುಲ್ ಎಜೆಯ ಕೈ ಹಿಡಿದುಕೊಂಡಳು. "ಹೆತ್ತ ಮಗಳು ನೋಡ್ಕೊಳ್ಳೋ ಹಾಗೆ ನೀನು ನನ್ನ ನೋಡ್ಕೊಂಡೆ ಕಣಮ್ಮ," ಅಂದಳು.